ಕೆಳಗೆ ಖಾಲಿ

ಮರ ಇಲಾಖೆಯ ಕಚೇರಿಯ ಬಾಗಿಲು ದಾಟಿದ ಕೂಡಲೇ ಎದುರು ಗೋಡೆಯಲ್ಲಿ ಅಳಿಲು ನೇತಾಡುತ್ತಾಳೆ. ಅಳಿಲು ಅಂದರೆ ಪ್ರಾಣಿಯಲ್ಲ, ಹೆಂಗಸು. ಹನ್ನೊಂದು ವರ್ಷದಿಂದ ಈ ಊರಿನ ರಸ್ತೆ ಮರಗಳ ಕೆಲಸ ಮಾಡುವವಳು. ಮರ ಹತ್ತುವ ಚುರುಕು ನೋಡಿ ಜೊತೆಯ ಹೆಂಗಸರು ಇಟ್ಟ ಹೆಸರು ಅದು. ಗೋಡೆಯ ಮೇಲಿರುವುದು ಅವಳ ಆಳೆತ್ತರದ ಫೋಟೊ. ತಲೆಗೆ ಹಳದಿ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು, ಹಿಂದೆ ಹಸಿರೆಲೆ, ಮುಖದಲ್ಲಿ ನಗು. ಕೆಳಗೆ ದಪ್ಪಕ್ಷರದಲ್ಲಿ "ಎತ್ತರಕ್ಕೆ ಏರಲಿ ಹೆಣ್ಣು" ಅಂತ ಬರೆದಿದೆ. ಫೋಟೊ ತೆಗೆದ ದಿನ ಅವಳನ್ನು ನೆಲದಿಂದ ಎರಡೇ ಅಡಿ ಮೇಲೆ ನೇತುಹಾಕಿದ್ದರು. ಅದಕ್ಕಿಂತ ಮೇಲೆ ಹೋದರೆ ಕ್ಯಾಮೆರಾದವನ ಕತ್ತು ನೋಯುತ್ತದಂತೆ. ನಗು ಅಂದರು, ನಕ್ಕಳು. ಹಲ್ಲು ಕಾಣಲಿ ಅಂದರು, ತೋರಿಸಿದಳು. ಮುಗಿದ ಮೇಲೆ ಹೆಲ್ಮೆಟ್ಟು ವಾಪಸು ಇಸಿದುಕೊಂಡು ಕೈಗೆ ಪೊರಕೆ ಕೊಟ್ಟರು.

ಅದೇ ಗೋಡೆಗೆ ಆನಿಸಿ ಒಂದು ಕಬ್ಬಿಣದ ಬೀರು ಇದೆ. ಬೀರುವಿನೊಳಗೆ ಕೆಲಸದ ಪುಸ್ತಕ ಇದೆ. ಯಾವ ದಿನ ಯಾವ ಮರಕ್ಕೆ ಯಾರು ಹತ್ತಿದರು, ಯಾರು ಏನು ಮಾಡಿದರು ಎಂದು ಮೇಸ್ತ್ರಿ ಅದರಲ್ಲಿ ಬರೆಯುತ್ತಾನೆ. ಅಳಿಲಿನ ಮುಂದೆ ಹನ್ನೊಂದು ವರ್ಷದಿಂದ ಬರೆದಿರುವುದು ಒಂದೇ ಮಾತು. ಸಹಾಯಕಿ, ಕಸ ಗುಡಿಸುವುದು. ಗೋಡೆ ಒಂದು ಹೇಳುತ್ತದೆ, ಬೀರು ಒಂದು ಹೇಳುತ್ತದೆ. ಕಚೇರಿಗೆ ಬರುವ ದೊಡ್ಡವರೆಲ್ಲ ಗೋಡೆ ನೋಡಿ ತಲೆದೂಗಿ ಹೋಗುತ್ತಾರೆ. ಬೀರು ತೆಗೆಸಿ ನೋಡಿದವರು ಯಾರೂ ಇಲ್ಲ.

ಸಹಾಯಕಿಯರು ಒಟ್ಟು ಎಂಟು ಮಂದಿ. ಮೇಲಿಂದ ಕಡಿದು ಬೀಳಿಸಿದ್ದನ್ನು ಎಳೆಯಬೇಕು, ತುಂಡು ಮಾಡಬೇಕು, ಲಾರಿಗೆ ತುಂಬಬೇಕು, ಕೊನೆಗೆ ರಸ್ತೆ ಗುಡಿಸಬೇಕು. ಹಸಿ ಕೊಂಬೆಯ ಭಾರ ಹೊತ್ತವರಿಗೇ ಗೊತ್ತು. ಹೆಗಲ ಚರ್ಮ ಮೊದಲ ವರ್ಷ ಸುಲಿಯುತ್ತದೆ. ಎರಡನೆಯ ವರ್ಷ ಗಟ್ಟಿಯಾಗುತ್ತದೆ. ಮೂರನೆಯ ವರ್ಷದಿಂದ ಅಲ್ಲಿ ಚಿವುಟಿದರೂ ತಿಳಿಯುವುದಿಲ್ಲ. ಮರದ ಪುಡಿ ಅಂಗಿಯೊಳಗೆ ಇಳಿದು ಬೆವರಿಗೆ ಮೆತ್ತಿಕೊಂಡು ಸಂಜೆಯವರೆಗೂ ನವೆ. ಇನ್ನು ಗಂಡಸರಿಗೆ ಅವಸರವಾದರೆ ಲಾರಿಯ ಚಕ್ರ ಸಾಕು. ಹೆಂಗಸರಿಗೆ ಇಲಾಖೆ ಮಾಡಿಕೊಟ್ಟ ವ್ಯವಸ್ಥೆ ಎಂದರೆ "ಮನೆಯಲ್ಲೇ ಮುಗಿಸ್ಕೊಂಡು ಬನ್ನಿ" ಅನ್ನುವ ಸಲಹೆ. ಆದ್ದರಿಂದ ನಾಲ್ವರು ಟಾರ್ಪಾಲಿನ ನಾಲ್ಕು ಮೂಲೆ ಎತ್ತಿ ಹಿಡಿದು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಐದನೆಯವಳು ಒಳಗೆ ಕೂರುತ್ತಿದ್ದಳು. ಇವರ ಸುಖದುಃಖದ ಮಾತೆಲ್ಲ ನಡೆದದ್ದು ಆ ಟಾರ್ಪಾಲಿನ ಸುತ್ತಲೇ.

ಎಂಟರಲ್ಲಿ ಹಿರಿಯವಳು ದೊಡ್ಡಕ್ಕ. ಇಪ್ಪತ್ತಾರು ವರ್ಷದ ಕೆಲಸ, ಇನ್ನೊಂದು ವರ್ಷಕ್ಕೆ ನಿವೃತ್ತಿ. ರಜೆಯ ದಿನ ಡಿಪೋ ಹಿಂದಿನ ಮರದಲ್ಲಿ ಉಳಿದ ಏಳು ಮಂದಿಗೂ ಹತ್ತುವುದನ್ನು ಕಲಿಸಿದವಳು ಅವಳೇ. ಅಡುಗೆ ಮುಗಿಸಿ, ಮಕ್ಕಳನ್ನು ಅತ್ತೆಗೋ ನಾದಿನಿಗೋ ಒಪ್ಪಿಸಿ ಇವರು ಬರುತ್ತಿದ್ದರು. ಒಪ್ಪಿಸಲು ಯಾರೂ ಇಲ್ಲದವಳು ಮಗುವನ್ನೂ ಕರೆತರುತ್ತಿದ್ದಳು. ಒಬ್ಬಳು ಮೇಲೆ, ಒಬ್ಬಳು ಕೆಳಗೆ ಹಗ್ಗ ಹಿಡಿದು, ಒಬ್ಬಳು ಮಕ್ಕಳ ಹತ್ತಿರ. ಎಂಟು ಜನಕ್ಕೆ ಇದ್ದದ್ದು ಒಂದೇ ಜೊತೆ ಬೂಟು, ಅದೂ ಗಂಡಸಿನ ಅಳತೆಯದು. ಮುಂದಕ್ಕೆ ಚಿಂದಿ ತುರುಕಿ ಹಾಕಿಕೊಳ್ಳಬೇಕು. ಬೆಲ್ಟೂ ಗಂಡಸಿನ ಸೊಂಟಕ್ಕೆ ಮಾಡಿದ್ದು. ತೊಡೆ ಸಂದಿಯಲ್ಲಿ ಕೊಯ್ದು ರಕ್ತ ಬರುತ್ತಿತ್ತು. ದೊಡ್ಡಕ್ಕ ಹಳೇ ಕಂಬಳಿ ಕತ್ತರಿಸಿ ಒಳಗೆ ಹೊಲಿದಳು. ಹೊಟ್ಟೆನೋವಿನ ದಿನ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮುಖ ನೋಡಿ ಇನ್ನೊಬ್ಬಳು ಎದ್ದು ಬೆಲ್ಟು ಕಟ್ಟಿಕೊಳ್ಳುತ್ತಿದ್ದಳು. ಎಂಟರಲ್ಲಿ ಚೆನ್ನಾಗಿ ಓದಿದವಳೊಬ್ಬಳಿದ್ದಳು, ಅವಳಿಗೆ ಕನ್ನಡಕ ಅಂತಲೇ ಹೆಸರು. ಊಟದ ಹೊತ್ತಿನಲ್ಲಿ ಅವಳು ಇಲಾಖೆಯ ನಿಯಮದ ಪುಸ್ತಕ ಓದಿ ಹೇಳುತ್ತಿದ್ದಳು. ಆ ಪುಸ್ತಕವನ್ನು ಮೇಸ್ತ್ರಿ ಓದಿರಲಿಲ್ಲ. ಅವನು ಅದರ ಮೇಲೆ ಚಹಾದ ಲೋಟ ಇಡುತ್ತಿದ್ದ, ಅಷ್ಟೇ.

ದೊಡ್ಡಕ್ಕ ಮೊದಲು ಕಲಿಸುತ್ತಿದ್ದದ್ದು ಗಂಟನ್ನಲ್ಲ, ಕೂಗನ್ನು. ಮೇಲಿರುವವರು ಕೊಂಬೆ ಕೊಯ್ಯುವ ಮುಂಚೆ "ಕೆಳಗೆ?" ಎಂದು ಕೂಗಬೇಕು. ಹಗ್ಗ ಹಿಡಿದು ಕೆಳಗೆ ನಿಂತವರು ಎಲ್ಲ ಸರಿಯಿದ್ದರೆ "ಖಾಲಿ" ಅನ್ನಬೇಕು. ಸರಿಯಿಲ್ಲದಿದ್ದರೆ ಏನೂ ಅನ್ನಬಾರದು. ಬೇಡ ಅನ್ನಬಾರದು, ನಿಲ್ಲು ಅನ್ನಬಾರದು, ಅಯ್ಯೋ ಅಂತಲೂ ಅನ್ನಬಾರದು. ಮೆಷಿನ್ ಗರಗಸ ಕಿವಿಯ ಪಕ್ಕದಲ್ಲಿ ಗುರುಗುಟ್ಟುತ್ತಿರುವಾಗ ಮೇಲಿದ್ದವರಿಗೆ ಮಾತು ಕೇಳುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಕೆಳಗಿನಿಂದ ಯಾವ ದನಿ ಬಂದರೂ ಅದು ಖಾಲಿ ಅಂತಲೇ ಅರ್ಥ. ಉತ್ತರ ಬಾರದಿದ್ದರೆ ಮೆಷಿನ್ ಆರಿಸಬೇಕು, ಆಮೇಲೆ ಏನಿದ್ದರೂ ಮಾತು.

ಈ ನಿಯಮ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳು ಮತ್ತು ಅವಳ ಓರಗಿತ್ತಿ ಇಬ್ಬರೂ ಇದೇ ಇಲಾಖೆಯಲ್ಲಿ ಕದ್ದುಮುಚ್ಚಿ ಮರ ಹತ್ತುತ್ತಿದ್ದರು. ಕದ್ದುಮುಚ್ಚಿ ಎಂದರೆ ಇಲಾಖೆಗೆ ಗೊತ್ತಿದ್ದೇ, ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲದಂತೆ. ಒಂದು ದಿನ ಓರಗಿತ್ತಿ ನಲವತ್ತಡಿ ಮೇಲಿದ್ದಳು, ಹಗ್ಗ ದೊಡ್ಡಕ್ಕನ ಕೈಯಲ್ಲಿತ್ತು. ಕೊಂಬೆಗೆ ತಂತಿ ಸಿಕ್ಕಿಕೊಂಡಿದ್ದನ್ನು ನೋಡಿ ಆಗಿನ ಮೇಸ್ತ್ರಿ "ಬೇಡ, ಬೇಡ" ಎಂದು ಕಿರುಚಿದ. ಮೇಲಿದ್ದವಳಿಗೆ ದನಿ ಕೇಳಿತು. ಕೊಯ್ದಳು. ತಂತಿ ಜಗ್ಗಿದ ಕೊಂಬೆ ತಿರುಗಿ ಅವಳಿಗೇ ಬಡಿಯಿತು, ಹಗ್ಗದಲ್ಲೇ ಜೀವ ಹೋಯಿತು. ಕಡತದಲ್ಲಿ ಹೀಗೆ ಬರೆದರು: ಕಸ ಗುಡಿಸುವಾಗ ಅಜಾಗರೂಕತೆಯಿಂದ ಕೊಂಬೆಯ ಕೆಳಗೆ ನಿಂತು ಮೃತಪಟ್ಟ ಸಹಾಯಕಿ. ನಲವತ್ತಡಿ ಎತ್ತರದಲ್ಲಿ ಏನು ಕಸ ಗುಡಿಸುತ್ತಿದ್ದಳೋ ಇಲಾಖೆಯೇ ಹೇಳಬೇಕು. ತಪ್ಪು ಅವಳದೇ ಆದ್ದರಿಂದ ಮನೆಯವರಿಗೆ ಕೊಡಬೇಕಾದ್ದೇನೂ ಇರಲಿಲ್ಲ. ಒಂದು ಹಾರ ಕೊಟ್ಟರು. ದೊಡ್ಡಕ್ಕ ಅಂದಿನಿಂದ ಮರ ಹತ್ತಲಿಲ್ಲ. ಹಗ್ಗ ಮಾತ್ರ ಬಿಡಲಿಲ್ಲ.

ಇನ್ನು ಪದಕದಣ್ಣ. ಇಲಾಖೆಯ ಮರ ಹತ್ತುವ ಗಂಡಸರಲ್ಲಿ ಇಬ್ಬರು ನಿವೃತ್ತರಾಗಿ, ಒಬ್ಬ ಬೇರೆ ಊರಿಗೆ ಹೋದ ಮೇಲೆ ಉಳಿದವನು ಇವನೊಬ್ಬನೇ. ಇವನ ಮಂಡಿ ಬಹಳ ಜಾಣ ಮಂಡಿ. ಇಪ್ಪತ್ತಡಿಯ ಮರಕ್ಕೆ ಏನೂ ಅನ್ನುತ್ತಿರಲಿಲ್ಲ. ಮೂವತ್ತಡಿ ದಾಟಿತೋ, ನೋವು ಶುರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆಯಲ್ಲಿ ಹೆಂಗಸನ್ನು ಯಾಕೆ ಸೇರಿಸಿದರೋ ಏನೋ. ಮೂರು ವರ್ಷದಿಂದ ಅವನ ಮಂಡಿ ನೋಯುವ ಮರಗಳನ್ನೆಲ್ಲ ಅಳಿಲು ಹತ್ತಿದಳು. ಪುಸ್ತಕದಲ್ಲಿ ಅವನು ಹತ್ತಿದ. ಬಿರುಗಾಳಿಯ ಮರುದಿನ ಶಾಲೆಯ ಛಾವಣಿಯ ಮೇಲೆ ಒರಗಿದ್ದ ಮರವನ್ನು ಆರು ಗಂಟೆ ಹೊತ್ತು ತುಂಡು ತುಂಡಾಗಿ ಇಳಿಸಿದ್ದು ಅವಳು. ಇಳಿದಾಗ ಅವಳ ಬೆರಳು ಮಡಚಲು ಬರುತ್ತಿರಲಿಲ್ಲ, ಕನ್ನಡಕ ತುತ್ತು ಮಾಡಿ ತಿನ್ನಿಸಿದಳು. ಪದಕ ಬಂದದ್ದು ಅಣ್ಣನಿಗೆ. ಆವತ್ತಿನಿಂದ ಅವನು ಪದಕದಣ್ಣ.

ಹೀಗಿರುವಾಗ ಮರ ಹತ್ತುವವರ ಹುದ್ದೆ ಒಂದು ಖಾಲಿಯಿದೆ ಎಂದು ಪ್ರಕಟಣೆ ಬಂತು. ಎರಡು ವರ್ಷ ಹತ್ತಿದ ಅನುಭವ ಬೇಕು, ಮೂವತ್ತೈದು ತುಂಬಿರಬಾರದು. ಅಳಿಲಿಗೆ ಮೂವತ್ತೈದು ತುಂಬಲು ಎರಡು ತಿಂಗಳಿತ್ತು. ಈ ಸಲ ತಪ್ಪಿದರೆ ಬದುಕಿರುವವರೆಗೂ ಪೊರಕೆಯೇ. ಎಂಟು ಹೆಂಗಸರೂ ಸೇರಿ ಅರ್ಜಿ ಬರೆದರು. ಕನ್ನಡಕ ಮೂರು ಸಲ ತಿದ್ದಿ ಬರೆದಳು. ಅಳಿಲು ಅದನ್ನು ಮೇಸ್ತ್ರಿಯ ಮುಂದಿಟ್ಟಳು.

ಮೇಸ್ತ್ರಿ ಓದಿ ನಕ್ಕ. ಮರ ಹತ್ತಿದ್ದಕ್ಕೆ ಸಾಕ್ಷಿ ಏನು ಅಂತ ಕೇಳಿದ. ನೀವೇ ಹತ್ತಿಸಿದ್ದಲ್ಲವಾ ಅಂದಳು. ಹತ್ತಿಸಿದ್ದು ಬೇರೆ, ಬರೆದಿದ್ದು ಬೇರೆ ಅಂದ.

"ಮರಾನೇ ನೋಡಿ ಸಾರ್," ಅಂದಳು ಅಳಿಲು. "ನಾನು ಕೊಯ್ದ ಕಡೆ ಬಳೆ ಥರ ತೊಗಟೆ ಕೂಡ್ಕೊಂಡು ಬಂದಿರುತ್ತೆ. ಅವರು ಕೊಯ್ದ ಕಡೆ ಮೋಟು ಬಿಟ್ಟು ಕೊಳೀತಾ ಇರುತ್ತೆ. ಯಾವ ಬೀದಿಗೆ ಬೇಕಾದ್ರೂ ಬನ್ನಿ, ತೋರಿಸ್ತೀನಿ."

"ಮರ ರುಜು ಹಾಕುತ್ತೇನಮ್ಮಾ?" ಅಂದ ಮೇಸ್ತ್ರಿ. ಅರ್ಜಿಯ ಮೂಲೆಯಲ್ಲಿ ಅನುಭವ ಇಲ್ಲ ಎಂದು ಬರೆದು ವಾಪಸು ಕೊಟ್ಟ. ಕೊಡುವಾಗ, ಪೋಸ್ಟರಿನಲ್ಲಿ ಚೆನ್ನಾಗಿ ಬಂದಿದ್ದೀಯ ಅಂತ ಮೂಗಿಗೆ ತುಪ್ಪ ಸವರಿದ.

ಆ ಹುದ್ದೆಗೆ ಒಬ್ಬನೇ ಯೋಗ್ಯ ಸಿಕ್ಕಿದ್ದ. ಪದಕದಣ್ಣನ ಹೆಂಡತಿಯ ತಮ್ಮ. ಎರಡು ವರ್ಷ ಭಾವನ ಜೊತೆ ಮರ ಹತ್ತಿದ್ದಾನೆ ಎಂದು ಪುಸ್ತಕದಲ್ಲಿ ಚೆನ್ನಾಗಿ ಬರೆದಿತ್ತು. ಎರಡು ವರ್ಷದಲ್ಲಿ ಅವನನ್ನು ಎಂಟು ಹೆಂಗಸರು ನೋಡಿದ್ದು ಎರಡು ವಾರ. ಕಾಲಲ್ಲಿ ಪಳಪಳ ಹೊಳೆಯುವ ಬೂಟು ಇದ್ದದ್ದರಿಂದ ಹೊಸಬೂಟು ಎಂದು ಕರೆದರು. ಆಳು ಕೆಟ್ಟವನಲ್ಲ. ಮೊದಲ ದಿನ ದೊಡ್ಡಕ್ಕ ಕೂಗಿನ ಪಾಠ ಹೇಳಿದಾಗ, ಅಜ್ಜಿ ಕತೆ ಅಂತ ನಕ್ಕ. ನಕ್ಕರೂ ಕೇಳಿಸಿಕೊಂಡ.

ಪರೀಕ್ಷೆಯ ದಿನ ಬಂತು. ಆಸ್ಪತ್ರೆಯ ಮುಂದಿನ ಹಳೇ ನೀಲಗಿರಿ ಮರ. ಅದರ ಒಂದು ಒಣಕೊಂಬೆ ರಸ್ತೆಯ ಮೇಲಕ್ಕೆ ಚಾಚಿಕೊಂಡಿತ್ತು. ಅದನ್ನು ಇಳಿಸುವುದೇ ಪರೀಕ್ಷೆ. ರಸ್ತೆ ಎರಡೂ ಕಡೆ ಮುಚ್ಚಿದ್ದರು, ಗಾಡಿಗಳು ಹಾರನ್ ಒತ್ತುತ್ತ ನಿಂತಿದ್ದವು. ಇಲಾಖೆಯ ದೊಡ್ಡ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಕ್ಯಾಮೆರಾದವನು ಬಂದಿದ್ದ. ಪದಕದಣ್ಣ ಪದಕ ಹಾಕಿಕೊಂಡು ಬಂದಿದ್ದ. ಎಂಟು ಹೆಂಗಸರನ್ನು ಪೊರಕೆ ಸಮೇತ ಸಾಲಾಗಿ ನಿಲ್ಲಿಸಿದರು. ಹಗ್ಗ ಹಿಡಿಯಲು ಯಾರು ಎಂಬ ಪ್ರಶ್ನೆ ಬಂತು. ಹೊಸಬೂಟಿನ ಜೀವದ ಪ್ರಶ್ನೆಯಲ್ಲವೇ, ಇಲಾಖೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಿಡಿಯುವವರೇ ಬೇಕು. ಮೇಸ್ತ್ರಿ ಸ್ವಲ್ಪವೂ ನಾಚದೆ ಅಳಿಲನ್ನು ಕರೆದ.

ಅವಳು ಬಂದು ಹಗ್ಗ ಹಿಡಿದಳು. ತನ್ನ ಕೈಗೆ ಬರಬೇಕಾದ ಕೆಲಸ ಬೇರೆಯವನ ಕೈಗೆ ಹೋಗುವಾಗ ಅವನು ಬೀಳದಂತೆ ನೋಡಿಕೊಳ್ಳುವ ಕೆಲಸ. ಬಾಯಿಗೆ ಬೈಗುಳವೊಂದು ಬಂದಿತ್ತು. ಉಗುಳೋಣವೆಂದರೆ ಸಾಹೇಬರು ಎದುರಿಗಿದ್ದರು, ನುಂಗಿಕೊಂಡಳು.

ಹೊಸಬೂಟು ಏಣಿ ಹಾಕಿ ಮೊದಲ ಕವಲಿಗೆ ಹೋದ. ಹಗ್ಗದ ಒಂದು ತುದಿ ಅವನ ಸೊಂಟದಲ್ಲಿ, ಇನ್ನೊಂದು ಅಳಿಲಿನ ಕೈಯಲ್ಲಿ, ಅದನ್ನು ಮೇಲಿನ ಕವಲಿಗೆ ಎಸೆದ. ಎಸೆದದ್ದು ಎಲೆಯ ನಡುವೆ ಎಲ್ಲೋ ಕೂತಿತು, ಅವನು ಅದರಲ್ಲೇ ಮೇಲಕ್ಕೆ ಹೋಗಿ ಒಣಕೊಂಬೆಯ ಬುಡದಲ್ಲಿ ನಿಂತ. ಕಾಂಡಕ್ಕೆ ಸುತ್ತಿಕೊಳ್ಳಬೇಕಾದ ಗಿಡ್ಡ ಪಟ್ಟಿ ಅವನ ಸೊಂಟದಲ್ಲಿ ಸುಮ್ಮನೆ ತೂಗಾಡುತ್ತಿತ್ತು. ಗಾಜಿನ ಮುಖವಾಡ ಇಳಿಸಿಕೊಂಡು ಮೆಷಿನ್ ಶುರುಮಾಡಿದ. ಕ್ಯಾಮೆರಾದವನು ಟಕಟಕ ಅಂತ ಹತ್ತು ಫೋಟೊ ತೆಗೆದ.

ಆಗ ಅಳಿಲಿನ ಅಂಗೈಗೆ ತಿಳಿಯಿತು. ಹಸಿ ಮರಕ್ಕೆ ಹಾಕಿದ ಹಗ್ಗ ಸುಮ್ಮನಿರುತ್ತದೆ. ಈ ಹಗ್ಗ ಗುಂಯ್‌ಗುಡುತ್ತಿತ್ತು. ಒಣಗಿದ ಕಟ್ಟಿಗೆ ಮಾತ್ರ ಹಾಗೆ ನಡುಗುತ್ತದೆ. ತಲೆ ಎತ್ತಿ ನೋಡಿದಳು. ಗಾಳಿಗೆ ಎಲೆ ಒಂದು ಗಳಿಗೆ ಸರಿಯಿತು. ಹಗ್ಗ ಮೇಲಿನ ಗಟ್ಟಿ ಕವಲಿನಲ್ಲಿ ಇರಲಿಲ್ಲ. ಕೊಯ್ಯಬೇಕಾದ ಒಣಕೊಂಬೆಯ ಮೇಲೆಯೇ ಬಿದ್ದಿತ್ತು. ಕೂತ ಕೊಂಬೆ ಕಡಿದ ಮೂರ್ಖನ ಕತೆ ಎಲ್ಲರೂ ಕೇಳಿದ್ದಾರೆ. ಇವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ, ತನ್ನನ್ನು ಅದಕ್ಕೇ ಕಟ್ಟಿಕೊಂಡಿದ್ದ. ಕೊಂಬೆ ಹೋದರೆ ಹಗ್ಗ ಹೋಗುತ್ತದೆ, ಹಗ್ಗ ಹೋದರೆ ಇವನು ಹೋಗುತ್ತಾನೆ.

"ಕೆಳಗೆ?" ಎಂದು ಕೂಗಿದ ಹೊಸಬೂಟು.

ಅಳಿಲು ಬಾಯಿ ಮುಚ್ಚಿಕೊಂಡು ನಿಂತಳು.

ಹಾರನ್ನುಗಳು ನಿಂತವು. ಎಲ್ಲರೂ ಅವಳನ್ನೇ ನೋಡಿದರು. ಒಂದೇ ಒಂದು ಮಾತು ಸಾಕಿತ್ತು. ಹೇಳು ಅನ್ನುತ್ತಿದ್ದಾರೆ, ಹೇಳಿದರಾಯಿತು. ಪುಸ್ತಕದ ಪ್ರಕಾರ ಅವಳು ಕಸ ಗುಡಿಸುವವಳು, ಹಗ್ಗ ಎಲ್ಲಿದೆ ಎಂದು ನೋಡುವುದು ಅವಳ ಕೆಲಸವಲ್ಲ. ಆಮೇಲೆ ಆದದ್ದನ್ನು ಬರೆದುಕೊಳ್ಳಲು ಮೇಸ್ತ್ರಿ ಇದ್ದಾನೆ, ಒಂದು ಹಾರ ತರಿಸಲು ಇಲಾಖೆ ಇದೆ. ಇದೆಲ್ಲ ಒಂದು ಉಸಿರಿನಷ್ಟು ಹೊತ್ತು ಅವಳ ತಲೆಯಲ್ಲಿ ಹಾದುಹೋಯಿತು. ಹೋಗಲಿಲ್ಲ ಅಂದರೆ ಸುಳ್ಳು.

"ಕೆಳಗೆ?" ಎರಡನೆಯ ಸಲ.

ಸಾಹೇಬರು ಎದ್ದು ಬಂದರು. ಇವಳ ಅರ್ಜಿ ವಾಪಸಾದ ಸಂಗತಿಯನ್ನು ಮೇಸ್ತ್ರಿ ಅವರ ಕಿವಿಯಲ್ಲಿ ಊದಿದ. ಓಹೋ, ಮುಷ್ಕರವೋ ಅಂದರು ಸಾಹೇಬರು. ಅಳಿಲು ಗುಟ್ಟು ಹೇಳುವಂತೆ ಮೆಲ್ಲಗೆ, ಹಗ್ಗ ನೋಡಿ ಸಾರ್, ಕೂತ ಜಾಗ ಸರಿಯಿಲ್ಲ ಅಂದಳು. ಸಾಹೇಬರು ಕತ್ತೆತ್ತಿ ಕೈ ಅಡ್ಡ ಹಿಡಿದು ನೋಡಿದರು. "ಹಗ್ಗ ಇದೆಯಲ್ಲ?" ಅಂದರು. ಇತ್ತು ಬಿಡಿ, ಸುಳ್ಳಲ್ಲ. ಮೇಸ್ತ್ರಿಯೂ ನೋಡಿದ, ಅವನಿಗೂ ಹಗ್ಗ ಇತ್ತು. ಪದಕದಣ್ಣನೂ ನೋಡಿದ. ಅವನ ಪದಕ ಬಿಸಿಲಿಗೆ ಹೊಳೆಯಿತು, ಅಷ್ಟೇ.

ಮೇಸ್ತ್ರಿ ಹಗ್ಗವನ್ನು ಅವಳ ಕೈಯಿಂದ ಬಿಡಿಸಿ ಕನ್ನಡಕದವಳಿಗೆ ಕೊಟ್ಟ. ನೀನು ಹೇಳು ಅಂದ. ಕನ್ನಡಕ ಹಗ್ಗ ಹಿಡಿದಳು, ಮೇಲೆ ನೋಡಿದಳು, ಬಾಯಿ ಮುಚ್ಚಿದಳು. ಮೂರನೆಯವಳಿಗೆ ಕೊಟ್ಟ. ಅವಳೂ ನೋಡಿದಳು, ಅವಳೂ ಮುಚ್ಚಿದಳು. ಗಂಡಸರು ಮೂವರು ನೋಡಿದರೂ ಕಾಣದ್ದು ಹೆಂಗಸರಿಗೆ ಒಂದೇ ನೋಟಕ್ಕೆ ಕಂಡಿತು. ರಜೆಯ ದಿನ ಡಿಪೋ ಹಿಂದೆ ಕಲಿತದ್ದು ಅದೇ ತಾನೇ. ಒಬ್ಬಳೂ ತುಟಿ ಬಿಚ್ಚಲಿಲ್ಲ. ಎಂಟೂ ಜನರನ್ನು ಇವತ್ತೇ ಮನೆಗೆ ಕಳಿಸ್ತೀನಿ ಅಂದರು ಸಾಹೇಬರು. ಎಲ್ಲರ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು. ಆದರೂ ಬಿಚ್ಚಲಿಲ್ಲ.

"ಕೆಳಗೆ?" ಮೂರನೆಯ ಸಲ. ದನಿಯಲ್ಲಿ ಸಿಟ್ಟಿತ್ತು.

ನಾನೇ ಹೇಳ್ತೀನಿ, ಇದೇನು ಬ್ರಹ್ಮವಿದ್ಯೆಯಾ ಎಂದು ಸಾಹೇಬರು ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದರು. ತೆರೆದ ಬಾಯಿಯ ಮೇಲೆ ದೊಡ್ಡಕ್ಕನ ಕೈ ಬಿತ್ತು.

ಪೂರ್ತಿ ಕೈ. ಇಪ್ಪತ್ತಾರು ವರ್ಷದ ಅಂಟು, ಮಣ್ಣು, ಮರದ ಪುಡಿ ತಿಂದ ಕೈ. ಒಂದು ಕೈ ಬಾಯಿಯ ಮೇಲೆ, ಒಂದು ಕೈ ತಲೆಯ ಹಿಂದೆ, ಔಷಧ ಕುಡಿಯಲೊಲ್ಲದ ಕೂಸನ್ನು ಹಿಡಿದ ಹಾಗೆ. ಸಾಹೇಬರ ಕಣ್ಣು ಹೊರಗೆ ಬಂದವು. ಮೇಸ್ತ್ರಿ ಬಿಡಿಸಲು ಓಡಿಬಂದ, ಅಳಿಲು ಅಡ್ಡ ನಿಂತಳು. ಉಳಿದವರೂ ಬಂದು ಸುತ್ತ ನಿಂತರು, ಟಾರ್ಪಾಲು ಹಿಡಿದು ನಿಲ್ಲುವ ಹಾಗೆಯೇ, ಬೆನ್ನು ತಿರುಗಿಸಿ. ದೊಡ್ಡಕ್ಕನ ಮುಖ ಬೆಳ್ಳಗಾಗಿತ್ತು. ಅವಳ ಕೈ ಮಾತ್ರ ಸಡಿಲವಾಗಲಿಲ್ಲ.

ಮೇಲೆ ಮೆಷಿನ್ ಇನ್ನೂ ಸ್ವಲ್ಪ ಹೊತ್ತು ಗುರುಗುಟ್ಟಿತು. ಆಮೇಲೆ ಆರಿತು. ಹೊಸಬೂಟು ಅಜ್ಜಿ ಕತೆಯನ್ನು ಮರೆತಿರಲಿಲ್ಲ, ಅವನ ಪುಣ್ಯ.

ಅಳಿಲು ಆಗ ಬಾಯಿಬಿಟ್ಟಳು. "ತಮ್ಮಾ, ಹಗ್ಗ ಯಾವ ಕೊಂಬೆ ಮೇಲೆ ಹಾಕಿದ್ದೀಯ, ಒಂದ್ಸಲ ನೋಡ್ಕೋ."

ಅವನು ನೋಡಿಕೊಂಡ. ಮೆಷಿನ್ ಕೈತಪ್ಪಿ ಅದರ ಪಟ್ಟಿಯಲ್ಲಿ ತೂಗಿತು. ಎರಡೂ ಕೈಯಲ್ಲಿ ಕಾಂಡ ತಬ್ಬಿಕೊಂಡು ಕಣ್ಣು ಮುಚ್ಚಿದ. ಕೆಳಗಿನವರಿಗೂ ಆಗ ಅರ್ಥವಾಯಿತು, ಅಂಗೈ ಹುಣ್ಣಿಗೆ ಕನ್ನಡಿ ಹಿಡಿದ ಮೇಲೆ. ದೊಡ್ಡಕ್ಕ ಸಾಹೇಬರ ಬಾಯಿಂದ ಕೈ ತೆಗೆದಳು. ಅವರ ಕೆನ್ನೆಯ ಮೇಲೆ ನಾಲ್ಕು ಬೆರಳಿನ ಕಪ್ಪು ಗುರುತು ಹಾಗೇ ಉಳಿಯಿತು. ಕ್ಯಾಮೆರಾದವನು ಅದನ್ನು ಮಾತ್ರ ತೆಗೆಯಲಿಲ್ಲ.

ಹೊಸಬೂಟನ್ನು ಇಳಿಸಲು ಯಾರಾದರೂ ಹತ್ತಬೇಕಿತ್ತು. ಎಲ್ಲರೂ ಪದಕದಣ್ಣನ ಕಡೆ ನೋಡಿದರು. ಹೆಂಡತಿಯ ತಮ್ಮ, ಒಡಹುಟ್ಟಿದಂಥವನು. ಪದಕದಣ್ಣ ಮಂಡಿ ಹಿಡಿದುಕೊಂಡು ಕುಸಿದು ಕೂತ. ಮರ ಅರವತ್ತಡಿ ಇತ್ತು, ಮಂಡಿಯ ತಪ್ಪಲ್ಲ. ಯಾರೂ ಹೇಳುವ ಮುಂಚೆ ಅಳಿಲು ಕಂಬಳಿ ಹೊಲಿದ ಬೆಲ್ಟು ಕಟ್ಟಿಕೊಳ್ಳುತ್ತಿದ್ದಳು. ಕನ್ನಡಕ ಬೂಟಿಗೆ ಚಿಂದಿ ತುರುಕಿ ಕೊಟ್ಟಳು. ದೊಡ್ಡಕ್ಕ ಇನ್ನೊಂದು ಹಗ್ಗಕ್ಕೆ ಕೈ ಹಾಕಿದಳು.

ಹತ್ತಿದಳು. ಮೊದಲು ಅವನ ಗಿಡ್ಡ ಪಟ್ಟಿಯನ್ನು ಕಾಂಡಕ್ಕೆ ಸುತ್ತಿದಳು. ಹಗ್ಗ ಬಿಚ್ಚಿ ಗಟ್ಟಿ ಕವಲಿಗೆ ಹಾಕಿದಳು. ಅಕ್ಕಾ, ಕೈ ಬಿಡಬೇಡ ಎಂದು ಅವನು ಅಳುತ್ತಿದ್ದ. ಬಿಡಲ್ಲ ಕಣೋ, ಬಿಡೋ ಹಾಗಿದ್ದರೆ ಆಗಲೇ ಒಂದು ಮಾತು ಅಂತಿದ್ದೆ ಅಂದಳು. ಮೆಷಿನ್ ತಾನು ತೆಗೆದುಕೊಂಡು ಅವನನ್ನು ಇಳಿಸಿದಳು. ನೆಲ ಮುಟ್ಟಿದವನು ದೊಡ್ಡಕ್ಕನ ಕಾಲ ಬಳಿಯೇ ಕೂತ. ಹೊಸ ಬೂಟಿನ ತುಂಬ ವಾಂತಿ ಮಾಡಿಕೊಂಡ.

ಒಣಕೊಂಬೆ ಇನ್ನೂ ರಸ್ತೆಯ ಮೇಲೆ ಹಾಗೇ ಇತ್ತು. ಗಾಡಿಗಳು ಮತ್ತೆ ಹಾರನ್ ಶುರುಮಾಡಿದ್ದವು. ಅಳಿಲು ತನಗೂ ಕೊಂಬೆಗೂ ಬೇರೆ ಬೇರೆ ಹಗ್ಗ ಹಾಕಿ, ಪಟ್ಟಿ ಸುತ್ತಿ, ಎರಡೆರಡು ಸಲ ಎಳೆದು ನೋಡಿ, ಬುಡದ ಉಬ್ಬಿನ ಹೊರಗೆ ಗರಗಸ ಇಟ್ಟಳು.

"ಕೆಳಗೆ?"

ಕೆಳಗೆ ಎಲ್ಲ ಸರಿಯಿತ್ತು. ದೊಡ್ಡಕ್ಕ ಉತ್ತರ ಕೊಡಲಿಲ್ಲ. ಮೇಲೆ ಮೆಷಿನ್ ಆರಿತು. ಈಗೇನಾಯಿತು ಎಂದು ಮೇಸ್ತ್ರಿ ಕೇಳಿದ.

"ಮೇಲಿರೋದು ಯಾರು ಸಾರ್?" ಅಂದಳು ದೊಡ್ಡಕ್ಕ. "ಪುಸ್ತಕ ನಿಮ್ಮ ಕೈಲೇ ಇದೆ. ಬರೀರಿ. ಬರೆದ ಮೇಲೆ ಉತ್ತರ."

ಮೇಸ್ತ್ರಿ ಸಾಹೇಬರ ಮುಖ ನೋಡಿದ, ಸಾಹೇಬರು ಗಾಡಿಗಳ ಸಾಲು ನೋಡಿದರು. ಸಾಲಿನಲ್ಲಿ ಒಂದು ದೊಡ್ಡ ಮನುಷ್ಯರ ಕಾರೂ ನಿಂತಿತ್ತು. ಹಗ್ಗ ಹಿಡಿದ ದೊಡ್ಡಕ್ಕನ ಪಕ್ಕ ಆರು ಹೆಂಗಸರು ಪೊರಕೆ ಕೆಳಗಿಟ್ಟು ಕೈಕಟ್ಟಿ ನಿಂತರು. ಮೇಸ್ತ್ರಿ ಬರೆದ. ಕನ್ನಡಕ ಇಣುಕಿ ಓದಿದಳು. ಸಹಾಯಕಿ ಮರದ ಬಳಿ ಇದ್ದಳು ಅಂತ ಬರೆದಿದ್ದ. ಬಳಿ ಅಲ್ಲ ಸಾರ್, ಮೇಲೆ ಅಂದಳು. ತಿದ್ದಿದ. ಸಾಹೇಬರದೂ ರುಜು ಇರಲಿ ಅಂದಳು. ಹಾಕಿದರು. ಆಗ ಏಳು ಗಂಟಲೂ ಒಟ್ಟಿಗೆ "ಖಾಲಿ" ಎಂದು ಕೂಗಿದವು. ಮೆಷಿನ್ ಮತ್ತೆ ಗುಡುಗಿತು. ಕೊಂಬೆ ಹಗ್ಗದಲ್ಲಿ ತೂಗುತ್ತ, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಇಲಾಖೆಗಳು ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಮರುದಿನ ಪುಸ್ತಕದಲ್ಲಿ ಆ ಹಾಳೆ ಇರಲಿಲ್ಲ. ಇಲಿ ತಿಂದಿರಬೇಕು ಅಂದ ಮೇಸ್ತ್ರಿ. ಹಿಂದಿನ ಹಾಳೆ ಮುಟ್ಟಿಲ್ಲ, ಮುಂದಿನ ಹಾಳೆ ಮುಟ್ಟಿಲ್ಲ, ದಿನಾಂಕ ನೋಡಿ ತಿಂದ ಇಲಿ. ಪರೀಕ್ಷೆ ರದ್ದಾಯಿತು. ಮತ್ತೆ ಹೊಸದಾಗಿ ಅರ್ಜಿ ಕರೆದರು, ಹದಿನೈದು ದಿನದ ಗಡುವು. ಅಳಿಲು ಆ ರಾತ್ರಿ ಊಟ ಬಿಟ್ಟಳು. ಸೋತೆ ಅಂತ ಅನ್ನಿಸಿತು, ಬಾಯಿಬಿಟ್ಟು ಗಂಡನಿಗೂ ಹಾಗೇ ಹೇಳಿದಳು.

ಇದಾದ ಮೇಲೆ ಎಂಟು ನೋಟೀಸು ಬಂದವು. ಸಾಹೇಬರ ಕೆನ್ನೆಯ ಕಪ್ಪು ಹೋಗಿತ್ತು, ಉರಿ ಹೋಗಿರಲಿಲ್ಲ. ಇವರನ್ನು ಹಾಗೇ ಬಿಟ್ಟರೆ ಮರ್ಯಾದೆ ಉಳಿಯುವುದಿಲ್ಲ. ಆದರೆ ಕಸ ಗುಡಿಸುವವರು ಹಗ್ಗದ ವಿಷಯದಲ್ಲಿ ತಪ್ಪು ಮಾಡಿದರು ಎಂದು ಬರೆದರೆ ಕೇಸು ನಿಲ್ಲುತ್ತದೆಯೇ? ಗೊತ್ತಿಲ್ಲದೆ ಮಾಡಿದರು ಎಂದಾಗುತ್ತದೆ. ಅಪರಾಧ ತೂಕ ಬರಬೇಕಾದರೆ ಗೊತ್ತಿದ್ದೂ ಮಾಡಿದರು ಅನ್ನಬೇಕು. ಸಾಹೇಬರು ಸಿಟ್ಟಿನ ಭರದಲ್ಲಿ ಹೇಳುತ್ತ ಹೋದರು, ಟೈಪಿಸ್ಟು ಬಡಿಯುತ್ತ ಹೋದ, ಸಾಹೇಬರು ಎಂಟಕ್ಕೂ ರುಜು ಹಾಕಿದರು.

ಊಟದ ಹೊತ್ತಿನಲ್ಲಿ ಕನ್ನಡಕ ಅವನ್ನು ಒಂದೊಂದಾಗಿ ಓದಿದಳು. ಮೊದಲನೆಯದು ಅಳಿಲಿನದು, ಓದುತ್ತ ನಡುವೆ ನಿಲ್ಲಿಸಿದಳು. ಕನ್ನಡಕದ ಗಾಜು ಒರೆಸಿಕೊಂಡು ಮತ್ತೆ ಓದಿದಳು. "ಮೂರು ವರ್ಷಗಳಿಂದ ಮರ ಹತ್ತುವ ಕೆಲಸ ನಿರ್ವಹಿಸುತ್ತಿರುವ ಅನುಭವಿಯಾದ ತಾವು, ಹಗ್ಗದ ನಿಯಮಗಳನ್ನು ಸಂಪೂರ್ಣವಾಗಿ ಬಲ್ಲವರಾಗಿದ್ದೂ..." ಅಷ್ಟು ಹೊತ್ತಿಗೆ ಒಬ್ಬಳು ನಗಲು ಶುರುಮಾಡಿದ್ದಳು. ಉಳಿದದ್ದು ಯಾರಿಗೂ ಕೇಳಿಸಲಿಲ್ಲ.

ಗಡುವಿನ ಕೊನೆಯ ದಿನ ಎಂಟು ಮಂದಿ ಸಾಲಾಗಿ ಕಚೇರಿಗೆ ಹೋದರು. ಅಳಿಲಿಗೆ ಮೂವತ್ತೈದು ತುಂಬಲು ಇನ್ನೂ ನಾಲ್ಕು ದಿನವಿತ್ತು. ಗೋಡೆಯ ಮೇಲಿನ ಅಳಿಲು ಹಲ್ಲು ಬಿಡುತ್ತಿದ್ದಳು. ಕೆಳಗೆ ನಿಂತ ಅಳಿಲು ನಗಲಿಲ್ಲ. ಅರ್ಜಿ ಮೇಜಿನ ಮೇಲಿಟ್ಟಳು. ಮೇಸ್ತ್ರಿ ಹಳೇ ಹಾಡು ಶುರುಮಾಡಿದ, ಹತ್ತಿದ್ದಕ್ಕೆ ಸಾಕ್ಷಿ ಏನು.

"ಮರ ರುಜು ಹಾಕಲ್ಲ ಅಂದ್ರಲ್ಲ," ಅಂದಳು ಅಳಿಲು. ಅರ್ಜಿಯ ಕೆಳಗಿನಿಂದ ನೋಟೀಸು ತೆಗೆದು ಮೇಲಿಟ್ಟಳು. "ಸಾಹೇಬರು ಹಾಕಿದ್ದಾರೆ."

ಮೇಸ್ತ್ರಿ ಓದಿದ. ಮತ್ತೆ ಓದಿದ.

ಅವಳ ಹಿಂದೆ ಕನ್ನಡಕ. ಅವಳ ಹಿಂದೆ ಉಳಿದವರು. ಹುದ್ದೆ ಒಂದು, ಅರ್ಜಿ ಏಳು. ಯಾರಿಗೆ ಸಿಕ್ಕರೂ ಹಗ್ಗ ಉಳಿದವರ ಕೈಯಲ್ಲಿ ಎಂದು ಟಾರ್ಪಾಲಿನ ಸುತ್ತ ಮಾತಾಗಿತ್ತು. ಏಳೂ ಅರ್ಜಿಗೆ ಏಳು ನೋಟೀಸು ಲಗತ್ತಾಗಿದ್ದವು, ಏಳರಲ್ಲೂ ಅದೇ ಒಕ್ಕಣೆ, ಏಳಕ್ಕೂ ಸಾಹೇಬರ ರುಜು ಇತ್ತು. ಮೇಸ್ತ್ರಿಯ ಹಣೆಯಲ್ಲಿ ಬೆವರೊಡೆಯಿತು. ಅನುಭವ ಇಲ್ಲ ಅಂತ ಬರೆದರೆ ನೋಟೀಸು ಸುಳ್ಳು. ನೋಟೀಸು ನಿಜ ಅಂದರೆ ಪುಸ್ತಕ ಸುಳ್ಳು. ಅವನು ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

ಕೊನೆಗೆ ದೊಡ್ಡಕ್ಕ ಮುಂದೆ ಬಂದಳು. ನಿನಗೆ ವಯಸ್ಸು ಮೀರಿದೆಯಲ್ಲಮ್ಮಾ, ನಿನ್ನದೇನು ಅರ್ಜಿ ಎಂದು ಮೇಸ್ತ್ರಿ ಕೇಳಿದ. ನನ್ನದು ಹುದ್ದೆಗಲ್ಲ ಅಂದಳು ಅವಳು. ಇಪ್ಪತ್ತು ವರ್ಷದ ಹಿಂದಿನ ಒಂದು ಕಡತ ತೆಗೆಸಬೇಕು, ಅದರಲ್ಲಿ ಗುಡಿಸುವಾಗ ಸತ್ತಳು ಅಂತ ಬರೆದಿದ್ದೀರಿ, ಮರ ಹತ್ತಿದಾಗ ಸತ್ತಳು ಅಂತ ತಿದ್ದಬೇಕು.

ಮೇಸ್ತ್ರಿಗೆ ಬಾಯಿಪಾಠ ಬಿಟ್ಟು ಬೇರೆ ಮಾತು ಬರಲಿಲ್ಲ. "ಅದಕ್ಕೆ ಸಾಕ್ಷಿ ಏನು?" ಅಂದ.

ದೊಡ್ಡಕ್ಕ ತನ್ನ ನೋಟೀಸನ್ನು ಅವನ ಮುಂದೆ ಬಿಚ್ಚಿದಳು. ಓದಲು ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ, ಆದರೆ ಆ ಸಾಲು ಎಲ್ಲಿದೆ ಎಂದು ಗೊತ್ತಿತ್ತು. ಅದರ ಮೇಲೆ ಬೆರಳಿಟ್ಟಳು. ಇಪ್ಪತ್ತಾರು ವರ್ಷಗಳಿಂದ ಹಗ್ಗ ಹಿಡಿಯುವ ಕರ್ತವ್ಯದಲ್ಲಿರುವ ತಾವು, ಎಂದಿತ್ತು.

"ನಾನೇ ಸಾಕ್ಷಿ," ಅಂದಳು. "ಆವತ್ತೂ ಹಗ್ಗ ನನ್ನ ಕೈಲೇ ಇತ್ತು."